ಬೆಳೆದದ್ದು ಯಾರ ಬಟ್ಟಲಿಗೆ?

ಸಂಜೆಯ ಹೊತ್ತು. ಮಗ್ರಿಬ್ ನಮಾಝ್ ಮುಗಿಸಿ ನೀವು ಅಡುಗೆ ಮನೆ ಸೇರಿದ್ದೀರಿ. ಒಲೆಯ ಮೇಲೆ ಗಂಜಿ ಕುದಿಯುತ್ತಿದೆ. ಹತ್ತನೇ ತರಗತಿಯ ಮಗಳು ಪುಸ್ತಕ ಹಿಡಿದುಕೊಂಡು ಬಾಗಿಲ ಬಳಿ ನಿಂತು ಕೇಳುತ್ತಾಳೆ: "ಉಮ್ಮಾ, ರಾಷ್ಟ್ರೀಯ ಉತ್ಪನ್ನ ಎಂದರೇನು?"

"ಅದೆಲ್ಲ ನನಗೇನು ಗೊತ್ತು? ನಿನ್ನ ಉಪ್ಪ ಬರಲಿ, ಅವರಲ್ಲಿ ಕೇಳು."

ನಮ್ಮಲ್ಲಿ ಹೆಚ್ಚಿನವರ ಉತ್ತರ ಇದೇ ಅಲ್ಲವೇ? ಬಜೆಟ್, ಬೆಳವಣಿಗೆ ದರ, ಆರ್ಥಿಕ ಸುಧಾರಣೆ ಎಂಬ ಮಾತುಗಳು ಟಿ.ವಿ.ಯಲ್ಲಿ ಬಂದೊಡನೆ ನಾವು ಎದ್ದು ಒಳಗೆ ಹೋಗುತ್ತೇವೆ. ಅದು ಗಂಡಸರ ವಿಷಯ, ದಿಲ್ಲಿಯ ವಿಷಯ, ದೊಡ್ಡವರ ವಿಷಯ ಎಂದು ಬಗೆಯುತ್ತೇವೆ. ಆದರೆ ಅದೇ ಹೊತ್ತಿಗೆ ಒಲೆಯ ಮುಂದೆ ನಿಂತು ನೀವು ಲೆಕ್ಕ ಹಾಕುತ್ತಿರುತ್ತೀರಿ. ಗ್ಯಾಸ್ ಇನ್ನು ಎಷ್ಟು ದಿನ ಬಂದೀತು? ಮಗಳ ಕಾಲೇಜಿನ ಫೀಸಿಗೆ ಏನು ಮಾಡುವುದು? ಹೊಲಿಗೆಯ ಹಣ ಈ ತಿಂಗಳಾದರೂ ಕೈಗೆ ಸಿಕ್ಕೀತೇ? ಸಹೋದರಿ, ಅರ್ಥಶಾಸ್ತ್ರ ಎಂದರೆ ಇದೇ. ನೀವು ಪ್ರತಿದಿನ ಮಾಡುತ್ತಿರುವುದನ್ನೇ ದೇಶದ ಮಟ್ಟದಲ್ಲಿ ಮಾಡಿದರೆ ಅದಕ್ಕೆ ಆರ್ಥಿಕ ನೀತಿ ಎಂದು ಹೆಸರು.

ಆ ನೀತಿಯ ಮುಂದೆ ಎರಡೇ ಪ್ರಶ್ನೆಗಳಿವೆ. ದೇಶದ ದುಡಿಮೆಯ ಫಲವನ್ನು ಹೆಚ್ಚಿಸುವುದು ಹೇಗೆ? ಹೆಚ್ಚಿದ ಫಲ ಯಾರ ಬಟ್ಟಲಿಗೆ ಬೀಳಬೇಕು?

ಹೊಲಿಗೆ ಯಂತ್ರದ ಪಾಠ

ಮೊದಲ ಪ್ರಶ್ನೆಯನ್ನು ನಿಮ್ಮ ಮನೆಯ ಹೊಲಿಗೆ ಯಂತ್ರದಿಂದಲೇ ತಿಳಿದುಕೊಳ್ಳೋಣ. ಕಾಲಲ್ಲಿ ತುಳಿಯುವ ಹಳೆಯ ಯಂತ್ರದಲ್ಲಿ ನೀವು ದಿನಕ್ಕೆ ಎರಡು ಚೂಡಿದಾರ್ ಹೊಲಿಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದಕ್ಕೆ ಮೋಟಾರು ಹಾಕಿಸಿದಿರಿ. ಕತ್ತರಿಸುವುದನ್ನು ಸರಿಯಾಗಿ ಕಲಿತಿರಿ. ಈಗ ಅಷ್ಟೇ ಹೊತ್ತಿನಲ್ಲಿ ನಾಲ್ಕು ಹೊಲಿಯುತ್ತೀರಿ. ನೀವು ಹೆಚ್ಚು ಹೊತ್ತು ದುಡಿಯಲಿಲ್ಲ, ರಾತ್ರಿ ನಿದ್ದೆಗೆಡಲಿಲ್ಲ. ಆದರೂ ದುಡಿಮೆಯ ಫಲ ಇಮ್ಮಡಿಯಾಯಿತು. ಇದನ್ನೇ ಉತ್ಪಾದಕತೆ ಹೆಚ್ಚಿತು ಎನ್ನುತ್ತಾರೆ. ಬೆವರು ಹೆಚ್ಚು ಸುರಿಸುವುದಕ್ಕೆ ಆ ಹೆಸರಲ್ಲ. ಸುರಿಸಿದ ಬೆವರಿಗೆ ಹೆಚ್ಚು ಫಲ ಬರುವುದಕ್ಕೆ ಆ ಹೆಸರು.

ಈಗ ಎರಡನೇ ಪ್ರಶ್ನೆ. ನೀವು ನಾಲ್ಕು ಹೊಲಿಯುತ್ತೀರಿ ಎಂದು ಗೊತ್ತಾದೊಡನೆ ಬಟ್ಟೆ ಕೊಡುವ ಅಂಗಡಿಯಾತ ಒಂದರ ಕೂಲಿಯನ್ನು ಅರ್ಧಕ್ಕೆ ಇಳಿಸಿದ. ದಿನದ ಕೊನೆಗೆ ನಿಮ್ಮ ಕೈಗೆ ಬಂದದ್ದು ಮೊದಲಿನಷ್ಟೇ. ಉತ್ಪನ್ನ ಹೆಚ್ಚಿತು, ಅಂಗಡಿಯಾತನ ಲಾಭ ಹೆಚ್ಚಿತು, ನಿಮ್ಮ ಮನೆಯ ಅಕ್ಕಿ ಡಬ್ಬಿ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ವರ್ಷ ಇನ್ನೂ ಒಳ್ಳೆಯ ಯಂತ್ರ ಕೊಳ್ಳಲು ನಿಮಗೆ ಮನಸ್ಸು ಬಂದೀತೇ? ಮನಸ್ಸು ಬಂದರೂ ಕೈಯಲ್ಲಿ ಹಣವಿದ್ದೀತೇ?

ಈ ಲೇಖನದಲ್ಲಿ ಹೇಳಬೇಕಾದ ಮಾತು ಇಷ್ಟೇ. "ಮೊದಲು ದೇಶ ಬೆಳೆಯಲಿ, ಹಂಚಿಕೆಯ ಮಾತು ಆಮೇಲೆ" ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ದುಡಿದವರ ಕೈಗೆ ಪಾಲು ಬಾರದಿದ್ದರೆ ಮುಂದಿನ ಬೆಳೆಗೆ ಬೀಜವೇ ಇರುವುದಿಲ್ಲ. ಇದು ಬರೀ ಭಾವನೆಯ ಮಾತಲ್ಲ. ಇದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ.

ಗೇಣಿಯ ಕಾಲ

ನಿಮ್ಮ ಮನೆಯಲ್ಲಿ ಎಪ್ಪತ್ತೈದು ದಾಟಿದ ಹಿರಿಯರಿದ್ದರೆ ಅವರ ಬಳಿ ಕುಳಿತು ಗೇಣಿಯ ಕಾಲದ ಬಗ್ಗೆ ಕೇಳಿ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಪದ್ಧತಿಗಳಿದ್ದವು. ಮೂಲಗೇಣಿಯವರಿಗೆ ಭೂಮಿಯ ಮೇಲೆ ಒಂದು ನೆಲೆ ಇತ್ತು. ಚಾಲಗೇಣಿಯವರಿಗೆ ಅದೂ ಇರಲಿಲ್ಲ. ಬೆಳೆದ ಅಕ್ಕಿಯಲ್ಲಿ ದೊಡ್ಡ ಪಾಲನ್ನು ಧನಿಯ ಮನೆಗೆ ಹೊತ್ತು ಹಾಕಬೇಕು. ಧನಿಗೆ ಸಿಟ್ಟು ಬಂದರೆ ಗದ್ದೆಯನ್ನೂ ಗುಡಿಸಲನ್ನೂ ಬಿಟ್ಟು ಹೊರಡಬೇಕು. ಮಲೆನಾಡಿನ ಸಾಗರದ ಕಡೆಯೂ ಗೇಣಿದಾರರ ಕಷ್ಟ ಕಡಿಮೆಯೇನಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹ ಹುಟ್ಟಿದ್ದು ಆ ಕಷ್ಟದಿಂದಲೇ.

ಹೀಗಿರುವಾಗ ಗೇಣಿದಾರ ಗದ್ದೆಯ ಬದುವಿನಲ್ಲಿ ಒಂದು ತೆಂಗಿನ ಸಸಿ ನೆಡುತ್ತಾನೆಯೇ? ತೆಂಗು ಫಲ ಕೊಡಲು ವರ್ಷಗಳು ಬೇಕು. ಅಷ್ಟರಲ್ಲಿ ತಾನು ಇಲ್ಲಿರುತ್ತೇನೋ ಇಲ್ಲವೋ! ಬಾವಿ ತೋಡಲು, ಅಡಿಕೆ ಹಾಕಲು ಅವನಿಗೆ ಧೈರ್ಯ ಎಲ್ಲಿಂದ ಬರಬೇಕು? ಭೂಮಿ ಬಂಜೆಯಾಗಿರಲಿಲ್ಲ. ನಾಳೆಯ ಭರವಸೆ ಇಲ್ಲದ್ದರಿಂದ ಅದು ಕೊಡಬಹುದಾದಷ್ಟನ್ನು ಕೊಡುತ್ತಿರಲಿಲ್ಲ.

ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಭೂ ಸುಧಾರಣಾ ಕಾನೂನಿಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದ ವಶಕ್ಕೆ ಬಂದು, ಉಳುತ್ತಿದ್ದವರು ಅದರ ಹಕ್ಕಿಗೆ ಅರ್ಜಿ ಕೊಡುವಂತಾಯಿತು. ಫಾರ್ಮ್ ನಂಬರ್ 7ರಲ್ಲಿ ಕೊಡುತ್ತಿದ್ದ ಆ ಅರ್ಜಿಯನ್ನು ಕರಾವಳಿಯ ಹಳಬರು ಇಂದಿಗೂ 'ಡಿಕ್ಲರೇಶನ್' ಎಂದೇ ಕರೆಯುತ್ತಾರೆ. ಅದನ್ನು ತೀರ್ಮಾನಿಸಲು ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು. ವಕೀಲರಿಗೆ ಅಲ್ಲಿ ಆಗ ಪ್ರವೇಶವಿರಲಿಲ್ಲ. ಹಣವಿದ್ದವರು ದೊಡ್ಡ ವಕೀಲರನ್ನು ತಂದು ಬಡವರ ಬಾಯಿ ಮುಚ್ಚಿಸಬಾರದು ಎಂಬುದೇ ಇದರ ಹಿಂದಿನ ಯೋಚನೆ. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಕಾನೂನಿನ ಫಲ ಹೆಚ್ಚಾಗಿ ಸಿಕ್ಕಿದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡಗಳಂಥ ಜಿಲ್ಲೆಗಳಿಗೆ.

ಇಂದು ಊರಿನ ಹಾದಿಯಲ್ಲಿ ನಡೆಯುವಾಗ ಕಾಣುವ ಎಷ್ಟೋ ತೆಂಗು, ಅಡಿಕೆ ತೋಟಗಳ ಹಿಂದೆ ಆ ಒಂದು ಕಾಗದವಿದೆ. ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ, ಮೊದಲ ಶಿಕ್ಷಕಿ ಹುಟ್ಟಿದ್ದೂ ಆ ಕಾಗದದ ನಂತರವೇ.

ಬಂಗಾಳದ ಸಾಕ್ಷಿ

"ಇದೆಲ್ಲ ನಮ್ಮ ಊಹೆ ಇರಬಹುದಲ್ಲ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಪಶ್ಚಿಮ ಬಂಗಾಳದಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. ಅಲ್ಲಿ ಪಾಲಿಗೆ ಸಾಗುವಳಿ ಮಾಡುವ ರೈತರನ್ನು ಬರ್ಗಾದಾರರು ಎನ್ನುತ್ತಾರೆ. 1978ರಲ್ಲಿ ಸರಕಾರ 'ಆಪರೇಷನ್ ಬರ್ಗಾ' ಎಂಬ ಅಭಿಯಾನ ಆರಂಭಿಸಿ ಹಳ್ಳಿ ಹಳ್ಳಿಗೆ ಹೋಗಿ ಅವರ ಹೆಸರು ನೋಂದಾಯಿಸಿತು. ಅಲ್ಲಿ ಭೂಮಿಯನ್ನು ಕಿತ್ತು ಹಂಚಲಿಲ್ಲ. ನೋಂದಾಯಿಸಿದ ರೈತನನ್ನು ಮನಬಂದಂತೆ ಎಬ್ಬಿಸುವಂತಿಲ್ಲ, ಬೆಳೆಯ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚನ್ನು ಒಡೆಯ ಕೇಳುವಂತಿಲ್ಲ ಎಂಬುದಷ್ಟೇ ಭರವಸೆ. 14 ಲಕ್ಷಕ್ಕೂ ಹೆಚ್ಚು ರೈತರು ಹೆಸರು ಬರೆಸಿದರು.

ಮುಂದೆ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಇಬ್ಬರು ಸಂಗಡಿಗ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಅವರೇ ಇವರು. ಅಭಿಯಾನದ ನಂತರ ಆ ರಾಜ್ಯದ ಕೃಷಿ ಉತ್ಪಾದಕತೆಯಲ್ಲಿ ಆದ ಹೆಚ್ಚಳದ ಸುಮಾರು 28 ಶೇಕಡಾ ಈ ಸುಧಾರಣೆಯಿಂದಲೇ ಬಂತೆಂದು ಅವರು ಕಂಡುಕೊಂಡರು. ಗಮನಿಸಿ, ಅದೇ ಮಣ್ಣು, ಅದೇ ರೈತ. ಪಾಲು ನ್ಯಾಯವಾಯಿತು, ನಾಳೆಯ ಭಯ ಹೋಯಿತು, ಇಳುವರಿ ಹೆಚ್ಚಿತು.

ಆದರೆ ಸತ್ಯದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ನಮ್ಮ 1974ರ ಕಾನೂನು ಸೈನಿಕರು ಮತ್ತು ನಾವಿಕರಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ನೂರಾರು ಎಕರೆಯ ಧನಿಗೂ, ಗಂಡನನ್ನು ಕಳೆದುಕೊಂಡು ಎರಡು ಮುಡಿ ಗೇಣಿ ಅಕ್ಕಿಯಲ್ಲಿ ಬದುಕುತ್ತಿದ್ದ ವಿಧವೆಗೂ ಅದು ಭೇದ ಮಾಡಲಿಲ್ಲ. ಗೇಣಿದಾರನಿಗೆ ಭೂಮಿ ಸಿಕ್ಕಿತು, ಅವನ ಗದ್ದೆಯಲ್ಲಿ ನೇಜಿ ನೆಟ್ಟ ಕೂಲಿಯಾಳುಗಳಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ. ಕಾಗದವಾದದ್ದು ಹೆಚ್ಚಾಗಿ ಗಂಡಸಿನ ಹೆಸರಿಗೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ಸುಮಾರು 14 ಮಾತ್ರ. ಹೆಣ್ಣು ಮಗಳಿಗೆ ಪಾಲಿದೆ ಎಂದು ನಮ್ಮ ಧರ್ಮ ನಿಗದಿ ಮಾಡಿ ಎಷ್ಟು ಶತಮಾನಗಳಾದವು! ಆದರೆ ನಮ್ಮ ಮನೆಗಳ ಪಹಣಿಯಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರಿದೆ? ಸರಕಾರವನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

1991ರ ನಂತರ

ಗದ್ದೆಯಿಂದ ಈಗ ಇಡೀ ದೇಶದ ಲೆಕ್ಕಕ್ಕೆ ಬರೋಣ. 1991ರಲ್ಲಿ ಭಾರತದ ಬೊಕ್ಕಸದಲ್ಲಿ ವಿದೇಶಿ ವಿನಿಮಯ ಬರಿದಾಗಿತ್ತು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಹಣ ಮಾತ್ರ ಉಳಿದಿತ್ತು. ಕಷ್ಟ ಬಂದಾಗ ನಾವು ಬಳೆ ಅಡವಿಡುತ್ತೇವಲ್ಲ, ದೇಶವೂ ಹಾಗೆಯೇ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಪಿ.ವಿ. ನರಸಿಂಹ ರಾವ್ ಪ್ರಧಾನಿ, ಡಾ. ಮನಮೋಹನ್ ಸಿಂಗ್ ಹಣಕಾಸು ಸಚಿವ. ಆ ವರ್ಷದ ಜುಲೈ 24ರ ಬಜೆಟ್ಟಿನೊಂದಿಗೆ ಆರ್ಥಿಕ ಸುಧಾರಣೆ ಎಂಬ ಮಾತು ಮನೆಮಾತಾಯಿತು. ಹೆಚ್ಚಿನ ಕೈಗಾರಿಕೆಗಳಿಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು, ಆಮದು ಸುಂಕ ಇಳಿಯಿತು, ಹೊರಗಿನ ಬಂಡವಾಳಕ್ಕೆ ಬಾಗಿಲು ತೆರೆಯಿತು.

ದೇಶ ಬೆಳೆಯಿತೇ? ಬೆಳೆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಫೋನಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಹೋಯಿತು. ಬೆಂಗಳೂರು ಸಾಫ್ಟ್‌ವೇರ್ ನಗರವಾಯಿತು. ಬಡತನವೂ ಇಳಿಯಿತು. ಆದರೆ ಆ ಸಾಫ್ಟ್‌ವೇರ್ ಮತ್ತು ಅದಕ್ಕೆ ಸಂಬಂಧಿಸಿದ ಕಂಪೆನಿಗಳಲ್ಲಿ ಇಂದು ಕೆಲಸವಿರುವುದು ದೇಶದ ನೂರು ದುಡಿಯುವವರಲ್ಲಿ ಒಬ್ಬರ ಆಸುಪಾಸಿಗೆ ಮಾತ್ರ. ಇನ್ನೊಂದೆಡೆ, 2023-24ರ ಸರಕಾರಿ ಸಮೀಕ್ಷೆಯ ಪ್ರಕಾರ ನೂರರಲ್ಲಿ 46 ಮಂದಿ ಕೃಷಿಯಲ್ಲಿದ್ದರು. ಅವರೆಲ್ಲರ ಪಾಲಿಗೆ ಬಂದದ್ದು ದೇಶದ ನೂರು ರೂಪಾಯಿ ಉತ್ಪನ್ನದಲ್ಲಿ ಸುಮಾರು 18 ರೂಪಾಯಿ. ಒಂದೇ ಮನೆಯಲ್ಲಿ ಅರ್ಧದಷ್ಟು ಮಂದಿಗೆ ಐದನೇ ಒಂದು ಪಾಲಿಗಿಂತಲೂ ಕಡಿಮೆ ಅನ್ನ ಬಡಿಸಿದ ಹಾಗೆ!

ಆ ಮಂದಿ ಸೋಮಾರಿಗಳೇ? ಅಲ್ಲವೇ ಅಲ್ಲ. ಅವರ ಕೈಯಲ್ಲಿರುವ ಕೆಲಸದ ಫಲವೇ ಕಡಿಮೆ. ಹೆಚ್ಚು ಫಲ ಕೊಡುವ ಕೆಲಸಕ್ಕೆ ಹೋಗಲು ಅವರಿಗೆ ದಾರಿ ಬೇಕು. ಆ ದಾರಿಯೆಂದರೆ ಶಾಲೆ, ತರಬೇತಿ, ರಸ್ತೆ, ಬಸ್ಸು, ಆರೋಗ್ಯ ಮತ್ತು ಮಗುವನ್ನು ನಂಬಿ ಬಿಟ್ಟುಹೋಗಲು ಒಂದು ಜಾಗ. ಕಾರ್ಖಾನೆಯ ಬಾಗಿಲು ತೆರೆದರೆ ಸಾಲದು, ಅಲ್ಲಿವರೆಗೆ ನಡೆದು ಬರುವ ಹಾದಿಯನ್ನೂ ಮಾಡಬೇಕು. 1991ರ ಸುಧಾರಣೆ ಬಾಗಿಲು ತೆರೆಯಿತು. ಹಾದಿಯ ಕೆಲಸ ಇನ್ನೂ ಮುಗಿದಿಲ್ಲ.

ಲೆಕ್ಕಕ್ಕೆ ಸಿಗದ ಕೈಗಳು

ಈ ಹಾದಿ ಇಲ್ಲದೆ ಹೆಚ್ಚು ನಷ್ಟ ಅನುಭವಿಸಿದವರು ನಾವು, ಹೆಂಗಸರು. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸರಕಾರವೇ ಕಂಡುಕೊಂಡಂತೆ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88 ನಿಮಿಷ. ನಿಮ್ಮ ಆ ಐದು ಗಂಟೆಗಳ ದುಡಿಮೆ ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲಿ ಇಲ್ಲ. ನೀವು ಬೇರೆಯವರ ಮನೆಯಲ್ಲಿ ಸಂಬಳಕ್ಕೆ ರೊಟ್ಟಿ ತಟ್ಟಿದರೆ ಅದು ಉತ್ಪನ್ನ. ನಿಮ್ಮ ಮಕ್ಕಳಿಗೆ ತಟ್ಟಿದರೆ ಲೆಕ್ಕವಿಲ್ಲ!

ಕೂಲಿ ಬರುವ ಕೆಲಸ ಮಾಡಿದರೂ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಮನೆಯೊಳಗೇ. 2005ರಲ್ಲಿ ನೇಮಕಗೊಂಡ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯಲ್ಲಿ ಇದನ್ನು ಎತ್ತಿ ಹೇಳಿತ್ತು. ದುಡಿಯುವ ಮುಸ್ಲಿಂ ಮಹಿಳೆಯರಲ್ಲಿ ನೂರಕ್ಕೆ ಸುಮಾರು 70 ಮಂದಿ ತಮ್ಮ ಮನೆಯಲ್ಲೇ ಕೆಲಸ ಮಾಡುವವರು, ಎಲ್ಲ ಸಮುದಾಯಗಳನ್ನು ಸೇರಿಸಿದರೆ ಆ ಸಂಖ್ಯೆ 51 ಎಂದಿತ್ತು ಆ ವರದಿ. ಬೀಡಿ, ಹೊಲಿಗೆ, ಕಸೂತಿ, ಅಗರಬತ್ತಿ... ಇವು ಕಾರ್ಖಾನೆಯ ಕೆಲಸಗಳೇ. ಆದರೆ ಕಾರ್ಖಾನೆ ಮಾತ್ರ ನಿಮ್ಮ ಚಾವಡಿಯಲ್ಲಿದೆ. ಬಾಡಿಗೆ, ಕರೆಂಟು, ದೀಪ, ಎಲ್ಲವೂ ನಿಮ್ಮದೇ.

ಬೀಡಿಯನ್ನೇ ನೋಡಿ. ದಕ್ಷಿಣ ಕನ್ನಡದಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ತಾಯಂದಿರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಬ್ರಾಂಚಿನಲ್ಲಿ ಸರಿಯಿಲ್ಲವೆಂದು ಪಕ್ಕಕ್ಕೆ ತೆಗೆದದ್ದಕ್ಕೆ ಹಣವಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಕುಳಿತು ಸುತ್ತುವವರನ್ನೂ ಕಾರ್ಮಿಕರೆಂದು ಒಪ್ಪಿತು. ಅದು ಸಣ್ಣ ಮಾತಲ್ಲ. 1976ರಲ್ಲಿ ಕಲ್ಯಾಣ ನಿಧಿ ಬಂತು. ಬೀಡಿಯ ಮೇಲಿನ ಸೆಸ್ಸಿನಿಂದ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ನಡೆದವು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ರದ್ದಾಯಿತು. ತೆರಿಗೆಯನ್ನು ಸರಳ ಮಾಡುವ ಸುಧಾರಣೆ ಎಂದು ನಾವು ಕೇಳಿದ್ದು ಇದನ್ನೇ. ಆದರೆ ಒಂದು ಹೆಣ್ಣಿನ ಮಗುವಿನ ವಿದ್ಯಾರ್ಥಿವೇತನಕ್ಕೆಂದೇ ಇದ್ದ ಹಣದ ಮೂಲ ಅದರಲ್ಲಿ ಅಳಿಸಿಹೋಯಿತು ಎಂಬುದು ಎಷ್ಟು ಮಂದಿಗೆ ಗೊತ್ತಾಯಿತು?

ಹೊಗೆಸೊಪ್ಪಿನ ಧೂಳು ಸುತ್ತುವವರ ಎದೆಗೂ ಕೆಟ್ಟದ್ದು, ಸೇದುವವರ ಎದೆಗೂ ಕೆಟ್ಟದ್ದು. ಈ ಕೆಲಸ ಮಕ್ಕಳ ಕಾಲಕ್ಕೂ ಉಳಿಯಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಮೊರವನ್ನು ಕಸಿದುಕೊಂಡು ಕೈ ಖಾಲಿ ಬಿಡುವುದು ಸುಧಾರಣೆಯಲ್ಲ. ಬೇರೆ ಕೆಲಸದ ತರಬೇತಿ, ಅದಕ್ಕೆ ಸಿದ್ಧವಾಗುವವರೆಗೆ ಕೈ ಹಿಡಿಯುವ ಭದ್ರತೆ ಎರಡೂ ಜೊತೆಯಾಗಿ ಬರಬೇಕು.

ಈಗ ಹಳೆಯ 29 ಕಾರ್ಮಿಕ ಕಾನೂನುಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಬೀಡಿ ಕಾರ್ಮಿಕರ 1966ರ ಕಾನೂನು, ಸಮಾನ ವೇತನದ 1976ರ ಕಾನೂನು ಎಲ್ಲವೂ ಇವುಗಳೊಳಗೆ ಸೇರಿವೆ. ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ ಮನೆಯಲ್ಲೇ ದುಡಿಯುವವರ ಹೆಸರೂ ಇದೆ. ಹೆಸರಿದ್ದರೆ ಸಾಕೇ? ನಿಮ್ಮ ಚಾವಡಿಯವರೆಗೆ ಅದು ತಲುಪುತ್ತದೆಯೇ? ಈ ಪ್ರಶ್ನೆಯನ್ನು ಕೇಳುತ್ತಲೇ ಇರಬೇಕಾದವರು ನಾವೇ.

ಬಸ್ಸಿನ ಟಿಕೇಟೂ ಆರ್ಥಿಕ ನೀತಿಯೇ

2023ರ ಜೂನ್ 11ರಂದು ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಬಂತು. ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೇಟಿಗೆ ಹಣವಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ 'ಗೃಹಲಕ್ಷ್ಮಿ' ಆರಂಭವಾಯಿತು. "ಬಿಟ್ಟಿ ಭಾಗ್ಯ" ಎಂದು ಮೂದಲಿಸಿದವರಿದ್ದಾರೆ, ಮನೆ ಉಳಿಯಿತು ಎಂದು ದುವಾ ಮಾಡಿದವರಿದ್ದಾರೆ.

ನಾವು ಇದನ್ನು ಇನ್ನೊಂದು ಬಗೆಯಲ್ಲಿ ನೋಡೋಣ. ದಿನಕ್ಕೆ ಅರವತ್ತು ರೂಪಾಯಿ ಬಸ್ಸಿಗೇ ಹೋಗುವುದಾದರೆ ಮುನ್ನೂರು ರೂಪಾಯಿಯ ಕೆಲಸ ಇನ್ನೂರ ನಲವತ್ತರದ್ದಾಗುತ್ತದೆ. ಆಗ ಹೆಣ್ಣುಮಗಳು ಮನೆಯ ಸಮೀಪ ಸಿಗುವ ನೂರೈವತ್ತರ ಕೆಲಸಕ್ಕೇ ತೃಪ್ತಿಪಡುತ್ತಾಳೆ. ಟಿಕೇಟಿನ ಹಣ ಉಳಿದರೆ ಅವಳ ಊರು ಹತ್ತು ಮೈಲಿ ದೊಡ್ಡದಾಗುತ್ತದೆ. ಅವಳು ಕಲಿತ ಕೆಲಸಕ್ಕೆ ತಕ್ಕ ಕೂಲಿ ಕೊಡುವಲ್ಲಿಗೆ ಹೋಗಬಲ್ಲಳು. ಉತ್ಪಾದಕತೆ ಹೆಚ್ಚುವುದು ಹೀಗೆಯೂ ಹೌದು.

ಮಂಗಳೂರು, ಉಡುಪಿ ಕಡೆಯ ಓದುಗರು ಈಗ ನಗುತ್ತಿರಬಹುದು. ನಮ್ಮ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ 'ಶಕ್ತಿ' ನಡೆಯುವುದಿಲ್ಲ. ಅದು ನಿಜ. ಒಂದು ಯೋಜನೆ ಕಾಗದದ ಮೇಲೆ ಎಲ್ಲರಿಗೂ ಒಂದೇ ಆಗಿರಬಹುದು, ಹಾದಿಯಲ್ಲಿ ಮಾತ್ರ ಹಾಗಿರುವುದಿಲ್ಲ. ಸರಕಾರಿ ಬಸ್ಸು ಬಾರದ ಊರಿನ ಹೆಂಗಸರು ತಮ್ಮ ಪಾಲನ್ನು ಕೇಳಲೇಬೇಕು.

ಮಗುವಿನ ವಿಷಯವೂ ಹಾಗೆಯೇ. ಅಂಗನವಾಡಿಯ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಎಷ್ಟೋ ಮಕ್ಕಳ ಹಸಿವನ್ನು ಅದು ನೀಗಿದೆ. ಆದರೆ ಸಂಜೆ ಆರಕ್ಕೆ ಕೆಲಸ ಮುಗಿಸುವ ತಾಯಿಗೆ ಅಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವ ಜಾಗ ಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಕೆಲಸ ನಮ್ಮ ರಾಜ್ಯದಲ್ಲಿ 2023ರ ನಂತರ ನಡೆದಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ? ಇದ್ದರೆ ಎಷ್ಟು ಗಂಟೆಯವರೆಗೆ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಅರ್ಥಶಾಸ್ತ್ರದ ಡಿಗ್ರಿ ಬೇಕಿಲ್ಲ.

ಸಾಲವನ್ನು ಪಾಲೆಂದು ತಿಳಿಯಬೇಡಿ

ಹೆಂಗಸರ ಕೈಗೆ ಹಣ ಕೊಡುತ್ತೇವೆ ಎಂದು ಬಂದವರಲ್ಲಿ ಸಣ್ಣ ಸಾಲದ ಕಂಪೆನಿಗಳೂ ಇವೆ. ವಾರ ವಾರ ಕಂತು, ಅದರ ಮೇಲೆ ಬಡ್ಡಿ. ಒಂದರ ಕಂತು ಕಟ್ಟಲು ಇನ್ನೊಂದರಿಂದ ಸಾಲ. ವಸೂಲಿಗೆ ಬಂದವರ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳನ್ನು ನಾವು ಓದಿದ್ದೇವೆ. ಕೊನೆಗೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಇಂಥ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಎಂದರೆ ನಾಳೆಯ ನಿಮ್ಮ ದುಡಿಮೆಯನ್ನು ಇಂದೇ ಮಾರುವುದು. ಪಾಲು ಎಂದರೆ ಇಂದಿನ ದುಡಿಮೆಯ ನ್ಯಾಯವಾದ ಫಲ. ಎರಡರ ನಡುವಿನ ವ್ಯತ್ಯಾಸವನ್ನು ಮರೆಯಬಾರದು.

ಎರಡು ದಿನದಲ್ಲಿ ಬದಲಾದ ನಿಯಮ

"ನಮ್ಮ ಮಾತನ್ನು ಯಾರು ಕೇಳುತ್ತಾರೆ?" ಎಂದು ಕೈಚೆಲ್ಲುವ ಮೊದಲು ಒಂದು ಘಟನೆಯನ್ನು ನೆನಪಿಸಿಕೊಳ್ಳಿ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಭವಿಷ್ಯನಿಧಿಗೆ ಒಂದು ಹೊಸ ನಿಯಮ ತಂದಿತು. ಕೆಲಸ ಬಿಟ್ಟರೂ ಮಾಲಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು. ಮುಪ್ಪಿಗೆ ಹಣ ಉಳಿಯಲಿ ಎಂಬುದು ಅವರ ವಾದ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಸಂಬಳ ಕೈಗೆ ಬಂದ ವಾರದಲ್ಲೇ ಕರಗುತ್ತದೆ. ಮಗಳ ಮದುವೆಗೆ, ಆಸ್ಪತ್ರೆಗೆ, ಮಗನ ಫೀಸಿಗೆ ಅವರಿಗಿರುವ ಒಂದೇ ಗಂಟು ಈ ಪಿ.ಎಫ್. ಹಣ.

ಆ ವರ್ಷದ ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಹೊರಬಂದು ರಸ್ತೆಗಿಳಿದರು. ಯಾವ ದೊಡ್ಡ ನಾಯಕರೂ ಅವರನ್ನು ಕರೆದಿರಲಿಲ್ಲ. ಮರುದಿನ ಕಲ್ಲೆಸೆತ, ಬೆಂಕಿ ಹಚ್ಚಿದ ಘಟನೆಗಳೂ ನಡೆದವು, ಪೊಲೀಸರ ಲಾಠಿಯೂ ಬಿತ್ತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಆ ದಿನವೇ, ಏಪ್ರಿಲ್ 19ರಂದು, ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಬಜೆಟ್ ಭಾಷಣ ಕೇಳುತ್ತಾ ಎದ್ದು ಒಳಗೆ ಹೋಗುವ ನಮ್ಮಂಥ ಹೆಂಗಸರೇ ಅವರೂ. ತಮ್ಮ ಪಾಲು ಯಾವುದು ಎಂದು ಅವರಿಗೆ ಗೊತ್ತಿತ್ತು. ಅವರ ಶಕ್ತಿ ಅದೇ.

ನಾವು ಏನು ಮಾಡಬಹುದು?

ಸರಕಾರ ಮಾಡಬೇಕಾದ್ದು ಬಹಳವಿದೆ. ಒಂದು ವಿಷಯದಲ್ಲಿ ಮಾತ್ರ ನಾವು ಸ್ಪಷ್ಟವಾಗಿರಬೇಕು. ಯಾವುದೇ ಪಕ್ಷ, ಯಾವುದೇ ಸರಕಾರ 'ಸುಧಾರಣೆ' ಎಂಬ ಮಾತು ಹೇಳಿದಾಗ ಎರಡು ಪ್ರಶ್ನೆ ಕೇಳಿ. ಇದರಿಂದ ದುಡಿಯುವವರ ಕೈಯ ಫಲ ಹೆಚ್ಚುತ್ತದೆಯೇ? ಹೆಚ್ಚಿದ್ದರಲ್ಲಿ ಅವರಿಗೆ ಪಾಲಿದೆಯೇ? ಎರಡಕ್ಕೂ ಹೌದು ಎಂಬ ಉತ್ತರವಿದ್ದರೆ ಮಾತ್ರ ಅದು ಸುಧಾರಣೆ.

ನಮ್ಮ ಮನೆಯಲ್ಲೇ ಮಾಡಬಹುದಾದ್ದೂ ಇದೆ. ನೀವು ಬೀಡಿ ಸುತ್ತುವವರೋ, ಹೊಲಿಯುವವರೋ, ಉಪ್ಪಿನಕಾಯಿ ಹಾಕಿ ಮಾರುವವರೋ ಆಗಿದ್ದರೆ 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ ನಿಮ್ಮ ಹೆಸರು ಬರೆಸಿ. ದೇಶದಲ್ಲಿ 30 ಕೋಟಿಗೂ ಹೆಚ್ಚು ಮಂದಿ ಬರೆಸಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಲೆಕ್ಕಕ್ಕೆ ಸಿಗದವರಿಗೆ ಪಾಲೂ ಸಿಗುವುದಿಲ್ಲ. ಕೊಟ್ಟ ಬಟ್ಟೆ, ಬಂದ ಕೂಲಿ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕಾರು ಮಂದಿ ಹೊಲಿಯುವವರು ಒಂದಾಗಿ ಒಂದೇ ದರ ಕೇಳಿ. ಒಬ್ಬಳ ದರ ಇಳಿಸುವುದು ಸುಲಭ, ಹತ್ತು ಮಂದಿಯದ್ದು ಕಷ್ಟ. ಆಸ್ತಿ ಪಾಲಾಗುವಾಗ ಮಗಳ ಹಕ್ಕನ್ನು 'ಬಿಟ್ಟುಕೊಟ್ಟಳು' ಎಂದು ಬರೆಸಿಕೊಳ್ಳದೆ ಅವಳ ಹೆಸರಿಗೇ ಮಾಡಿ. ಪಿ.ಯು.ಸಿ. ಮುಗಿಸಿದ ಮಗಳನ್ನು ಓದು ನಿಲ್ಲಿಸಿ ಕೂರಿಸುವ ಮೊದಲು, ಅವಳ ಕೈಯ ಫಲವನ್ನು ನೀವೇ ಅರ್ಧಕ್ಕೆ ಇಳಿಸುತ್ತಿಲ್ಲವೇ ಎಂದು ಯೋಚಿಸಿ. ನಮ್ಮ ಮನೆಯ ಗಂಡಸರೂ 88 ನಿಮಿಷವನ್ನು ಇನ್ನಷ್ಟು ಹೆಚ್ಚಿಸಿದರೆ ದೇಶಕ್ಕೆ ಅದಕ್ಕಿಂತ ಅಗ್ಗದ ಸುಧಾರಣೆ ಬೇರೊಂದಿಲ್ಲ!

ಮತ್ತೆ ಅಡುಗೆ ಮನೆಗೆ ಬರೋಣ. ಗಂಜಿ ಬೆಂದಿದೆ. ಮಗಳು ಇನ್ನೂ ಬಾಗಿಲಲ್ಲಿ ನಿಂತಿದ್ದಾಳೆ. ಅವಳನ್ನು ಉಪ್ಪನ ಬಳಿ ಕಳಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: "ನಾವೆಲ್ಲರೂ ಸೇರಿ ಬೇಯಿಸಿದ್ದು ಎಷ್ಟು ಎಂಬ ಲೆಕ್ಕಕ್ಕೆ ರಾಷ್ಟ್ರೀಯ ಉತ್ಪನ್ನ ಎನ್ನುತ್ತಾರೆ ಮಗಳೇ. ಯಾರ ಬಟ್ಟಲಿಗೆ ಎಷ್ಟು ಬಿತ್ತು ಎಂದು ಪುಸ್ತಕದ ಆ ಪುಟದಲ್ಲಿ ಬರೆದಿಲ್ಲ. ಅದನ್ನು ನೀನು ಕೇಳಬೇಕು."